ಮುಳ್ಳು ಇಳಿದಿತ್ತು

ನಮ್ಮ ಮನೇಲಿ ಒಂದು ಟ್ರ್ಯಾಕ್ಸ್ ಇದೆ. 2001ರ ಮಾಡೆಲ್, ಅಂದ್ರೆ ವಯಸ್ಸಿನಲ್ಲಿ ನನಗೆ ಅಣ್ಣ. ಅಪ್ಪ ಅದನ್ನ ಮುಂಡರಗಿ–ಗದಗ ಲೈನಿಗೆ ಓಡಿಸ್ತಾನೆ. (ನಮ್ಮ ಕಡೆ ಅಪ್ಪನಿಗೆ ಏಕವಚನವೇ. ನಾನು ಫೋನಲ್ಲಿ ‘ಎಲ್ಲದಿ? ಉಂಡಿ?’ ಅಂತ ಕೇಳ್ತಿರೋದು ಅಪ್ಪನ್ನ ಅಂತ ಗೊತ್ತಾದಾಗ ನನ್ನ ಮೈಸೂರಿನ ರೂಮ್‌ಮೇಟ್ ಎರಡು ದಿನ ನನ್ನನ್ನ ಒಂಥರಾ ನೋಡ್ತಿದ್ದ.) ಬೆಳಗ್ಗೆ ಸೀಟು, ಮಧ್ಯಾಹ್ನ ಉಳ್ಳಾಗಡ್ಡಿ ಚೀಲ, ಮದುವೆ ದಿನಗಳಲ್ಲಿ ಬೀಗರು. ನನ್ನ ಇಂಗ್ಲಿಷ್ ಮೀಡಿಯಂ ಸ್ಕೂಲಿನ ಫೀ, ಪಿಯುಸಿ ಟ್ಯೂಷನ್, ಈಗ ಈ ಕಾಲೇಜು, ಎಲ್ಲಾ ಆ ಗಾಡಿಯ ನಾಲ್ಕು ಸಿಲಿಂಡರಿನಿಂದ ಬಂದದ್ದು.

ಕನ್ನಡ ಸಂಘದ ಸೀನಿಯರ್ ‘ನಿನ್ನ ಬ್ರಾಂಚಿಗೆ ಸಂಬಂಧಪಟ್ಟದ್ದು ಏನಾದ್ರೂ ಬರಿ’ ಅಂದ್ರು. ನಾನು ಮೆಕ್ಯಾನಿಕಲ್. ಕನ್ನಡ ನನಗೆ ಹತ್ತನೇ ಕ್ಲಾಸಿನವರೆಗೆ ಸೆಕೆಂಡ್ ಲ್ಯಾಂಗ್ವೇಜ್, ಅಷ್ಟೇ. ಒತ್ತಕ್ಷರ ತಪ್ಪಿದ್ರೆ ಸಂಪಾದಕರು ತಿದ್ದಿರ್ತಾರೆ ಅಂತ ನಂಬಿದ್ದೀನಿ. ಆದ್ರೆ ಇದನ್ನ ಇಂಗ್ಲಿಷಿನಲ್ಲಿ ಬರೆಯೋಕೆ ನನಗೆ ಆಗ್ತಿರಲಿಲ್ಲ, ಯಾಕಂದ್ರೆ ಇದರಲ್ಲಿ ಬರೋರು ಯಾರೂ ಇಂಗ್ಲಿಷಿನಲ್ಲಿ ಮಾತಾಡಿಲ್ಲ.

ಹೋದ ವರ್ಷ ಫಸ್ಟ್ ಇಯರ್ ಮುಗಿಸಿ ರಜೆಗೆ ಊರಿಗೆ ಹೋದಾಗ ಗಾಡಿ ಹೀಟ್ ಆಗ್ತಿತ್ತು. ಅಪ್ಪ ಅದನ್ನ ದೊಡ್ಡ ವಿಷಯ ಮಾಡಿರಲಿಲ್ಲ. ಸೀಟಿನ ಕೆಳಗೆ ಐದು ಲೀಟರಿನ ಕ್ಯಾನು ಇಟ್ಕೊಂಡಿದ್ದ. ಡಂಬಳದಲ್ಲಿ ಗಾಡಿ ನಿಲ್ಲಿಸಿ, ಚಹಾ ಕುಡಿದು, ಇಂಜಿನ್ ಆರಿದ ಮೇಲೆ ರೇಡಿಯೇಟರಿಗೆ ಎರಡು ಲೀಟರ್ ನೀರು ಹಾಕೋದು, ಮುಂದೆ ಹೋಗೋದು. ಹೀಗೇ ಒಂದು ವರ್ಷದಿಂದ ನಡೆದಿತ್ತು. ಅಪ್ಪನ ಬಲಗೈ ಮೇಲೆ ಮೊಣಕೈವರೆಗೆ ಒಂದು ನುಣುಪಾದ ಕಲೆ ಇದೆ. ಹಿಂದೊಮ್ಮೆ ಬಿಸಿ ಇದ್ದಾಗಲೇ ಮುಚ್ಚಳ ತೆಗೆದದ್ದರ ಗುರುತು. ಆಮೇಲಿಂದ ಆತ ಚಹಾ ಮುಗಿಯೋವರೆಗೆ ಬಾನೆಟ್ ಮುಟ್ಟೋದಿಲ್ಲ.

‘ಯಾಕ ಹೀಟ್ ಆಗ್ತೈತಿ ನೋಡಪಾ, ಇಂಜಿನಿಯರಿಂಗ್ ಓದಾಕತ್ತಿ’ ಅಂದ ಅಪ್ಪ. ಚೇಷ್ಟೆಗೆ ಅಂದಿದ್ದನೇನೋ. ನಾನು ಸೀರಿಯಸ್ಸಾಗಿ ತಗೊಂಡೆ.

ಫಸ್ಟ್ ಇಯರಿನಲ್ಲಿ ನಮಗೆ ಇಂಜಿನ್ ಬಗ್ಗೆ ಹೇಳಿದ್ದು ಎಷ್ಟು ಅಂತ ನಿಮಗೂ ಗೊತ್ತು. ಫೋರ್ ಸ್ಟ್ರೋಕಿನ ಚಿತ್ರ, ಪೆಟ್ರೋಲಿಗೂ ಡೀಸೆಲಿಗೂ ಐದು ವ್ಯತ್ಯಾಸ, ಹತ್ತು ಮಾರ್ಕು. ಉಳಿದದ್ದನ್ನ ಯೂಟ್ಯೂಬ್ ಕೊಡ್ತು. ನಾಲ್ಕು ವಿಡಿಯೋ ನೋಡಿ ‘ಥರ್ಮೋಸ್ಟಾಟ್ ಹೋಗೇತಿ’ ಅಂತ ತೀರ್ಪು ಕೊಟ್ಟೆ. ಥರ್ಮೋಸ್ಟಾಟ್ ಅಂದ್ರೆ ನೀರಿನ ದಾರಿಯಲ್ಲಿ ಇರೋ ಮೇಣದ ವಾಲ್ವು. ಇಂಜಿನ್ ತಣ್ಣಗಿದ್ದಾಗ ರೇಡಿಯೇಟರಿನ ದಾರಿ ಮುಚ್ಚಿರುತ್ತೆ. ನೀರು ಎಂಬತ್ತು ಡಿಗ್ರಿ ಆಸುಪಾಸಿಗೆ ಬಂದಾಗ ಒಳಗಿನ ಮೇಣ ಕರಗಿ ಉಬ್ಬಿ ದಾರಿ ತೆರೆಯುತ್ತೆ. ಅದು ಮುಚ್ಚಿದಂತೇ ಸಿಕ್ಕಿಕೊಂಡ್ರೆ ನೀರು ರೇಡಿಯೇಟರಿಗೆ ಹೋಗೋದಿಲ್ಲ, ಇಂಜಿನ್ ಕಾಯುತ್ತೆ. ಲಾಜಿಕ್ ಸರಿಯಾಗಿಯೇ ಇತ್ತು. ನಾನು ಮಾಡದೇ ಬಿಟ್ಟದ್ದು ಒಂದೇ: ಅದನ್ನ ತೆಗೆದು, ಬಿಸಿನೀರಿನ ಪಾತ್ರೆಯಲ್ಲಿ ಹಾಕಿ, ತೆರೆಯುತ್ತೋ ಇಲ್ಲವೋ ಅಂತ ನೋಡೋದು. ಅವ್ವನ ಒಲೆ ಹತ್ತು ಹೆಜ್ಜೆ ದೂರದಲ್ಲಿತ್ತು. ಬಿಚ್ಚಿದೆ, ಪಕ್ಕಕ್ಕಿಟ್ಟೆ, ಥರ್ಮೋಸ್ಟಾಟ್ ಇಲ್ಲದೇ ಮುಚ್ಚಿದೆ. ‘ಈಗ ನೀರು ಯಾವಾಗ್ಲೂ ಹರೀತೈತಿ, ಕಾಯೋ ಮಾತ ಇಲ್ಲ’ ಅಂದೆ.

ಎರಡು ದಿನ ಬೆಳಗ್ಗೆ ಖಾಲಿ ಖಾಲಿ ಟ್ರಿಪ್ಪು. ಕಾಯಲಿಲ್ಲ. ಅಪ್ಪ ಡಂಬಳದ ಚಹಾದಂಗಡಿಯಲ್ಲಿ ‘ನಮ್ಮ ಹುಡುಗ ಸುದ್ದ ಮಾಡಿದಾ’ ಅಂತ ಹೇಳಿಕೊಂಡನಂತೆ. ಇದು ನನಗೆ ಆಮೇಲೆ ತಿಳಿದದ್ದು. ತಿಳಿಯದೇ ಇದ್ದಿದ್ರೆ ಚೆನ್ನಾಗಿತ್ತು.

ಮೂರನೇ ದಿನ ಲಕ್ಷ್ಮೇಶ್ವರದಲ್ಲಿ ಸೋದರಮಾವನ ಮನೆ ಕಡೆಯ ಮದುವೆ. ಗಾಡಿ ತುಂಬ ಜನ, ಮೇಲೆ ಕ್ಯಾರಿಯರಿನಲ್ಲಿ ಪಾತ್ರೆ, ಅಕ್ಕಿ ಚೀಲ, ಎರಡು ಟ್ರಂಕು. ಮುಂಡರಗಿಯಿಂದ ಶಿರಹಟ್ಟಿ ಮೇಲೆ ಹೊರಟ್ವಿ. ಮೇ ತಿಂಗಳ ಹನ್ನೊಂದು ಗಂಟೆ ಬಿಸಿಲು. ಕಪ್ಪತಗುಡ್ಡದ ಸೆರಗಿನ ಆ ದಾರಿ ಏರು, ಇಳಿವು, ಮತ್ತೆ ಏರು. ಬೆನ್ನ ಹಿಂದಿನಿಂದ ಗಾಳಿ. ಕಿಟಕಿ ತೆರೆದಿದ್ರೂ ಒಳಗೆ ಗಾಳಿ ಇಲ್ಲ. ಗಾಡಿ ಓಡೋ ದಿಕ್ಕಿಗೇ ಗಾಳಿ ಬೀಸಿದ್ರೆ ರೇಡಿಯೇಟರಿಗೂ ಅಷ್ಟೇ ಗತಿ, ಅದು ಆಗ ನನ್ನ ತಲೆಗೆ ಹೊಳೀಲಿಲ್ಲ.

ನಾನು ಮುಂದಿನ ಸೀಟಿನಲ್ಲಿ, ಕಣ್ಣು ಟೆಂಪರೇಚರ್ ಮುಳ್ಳಿನ ಮೇಲೆ. ಏರಿನಲ್ಲಿ ಅದು ಮೇಲೆ ಹೋಯ್ತು. ಕೆಂಪು ಗೆರೆ ಮುಟ್ಟಿತು. ಅಪ್ಪ ನನ್ನ ಮುಖ ನೋಡಿದ. ‘ನಿಲ್ಲಸಲೇನು?’ ಅಂದ. ಹಿಂದೆ ಸೋದರತ್ತೆ ಅಕ್ಕಿಕಾಳಿನ ಹೊತ್ತು ಮೀರುತ್ತೆ ಅಂತ ಗದ್ದಲ ಹಾಕಿದ್ದರು. ಅಷ್ಟರಲ್ಲಿ ಮುಳ್ಳು ಅಲುಗಾಡಿ ಕೆಳಗೆ ಬರತೊಡಗಿತು. ಅರ್ಧಕ್ಕೆ ಬಂತು, ಅದಕ್ಕಿಂತಲೂ ಕೆಳಗೆ.

‘ಇಳೀತು ನೋಡಪಾ’ ಅಂದೆ. ‘ನಡಿ.’

ಆ ‘ನಡಿ’ ಅನ್ನೋ ಎರಡಕ್ಷರಕ್ಕೋಸ್ಕರ ಈ ಲೇಖನ ಬರೀತಿದ್ದೀನಿ ಅಂತ ಹೇಳಬಹುದು. ಮುಳ್ಳು ಇಳಿದದ್ದು ಇಂಜಿನ್ ತಣ್ಣಗಾಗಿ ಅಲ್ಲ. ಒಳಗೆ ನೀರೇ ಉಳಿದಿರಲಿಲ್ಲ. ಆ ಮುಳ್ಳಿಗೆ ಸುದ್ದಿ ಕೊಡೋ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು; ಮುಳುಗಿದ್ರೆ ಮಾತ್ರ ನೀರಿನ ಬಿಸಿ ಅದಕ್ಕೆ ತಿಳಿಯುತ್ತೆ. ನೀರು ಕುದ್ದು ಹೊರಗೆ ಹೋಗಿ ಮಟ್ಟ ಇಳಿದಾಗ ಸೆನ್ಸರ್ ಬರೀ ಹವೆಯಲ್ಲಿ ನಿಲ್ಲುತ್ತೆ. ಸುತ್ತ ಲೋಹ ಸುಡ್ತಿದ್ರೂ ‘ಎಲ್ಲಾ ಆರಾಮ’ ಅಂತ ಹೇಳುತ್ತೆ. ಕೆಂಪಿಗೆ ಹೋಗಿದ್ದ ಮುಳ್ಳು ಏರಿನಲ್ಲೇ, ಪೂರಾ ಲೋಡಿನಲ್ಲೇ, ತಾನಾಗಿ ಕೆಳಗೆ ಬಂತು ಅಂದ್ರೆ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಆ ಕ್ಷಣವೇ ಗಾಡಿ ನಿಲ್ಲಿಸಬೇಕು. ಇದನ್ನ ಓದೋರಲ್ಲಿ ಯಾರ ಮನೇಲಾದ್ರೂ ಹಳೇ ಗಾಡಿ ಇದ್ರೆ ಇದೊಂದು ನೆನಪಿಟ್ಟುಕೊಳ್ಳಿ, ಉಳಿದದ್ದು ಮರೆತರೂ ನಡೆಯುತ್ತೆ.

ಮೂರು ಕಿಲೋಮೀಟರ್ ನಡೀತು. ಆಮೇಲೆ ಪಿಕಪ್ ಹೋಯ್ತು, ಬಿಳಿ ಹೊಗೆ ಬಂತು, ಗಾಡಿ ನಿಂತಿತು. ಬೀಗರು ಬೇರೆ ಟಂಟಂ ಹತ್ತಿ ಹೋದರು. ಬೇವಿನ ಗಿಡದ ಕೆಳಗೆ ಅಪ್ಪ, ನಾನು, ಟ್ರಂಕು ಉಳಿದ್ವಿ. ನಾನು ಕ್ಯಾನು ಎತ್ತಿಕೊಂಡು ನೀರು ಹಾಕೋಕೆ ಹೋದೆ. ಅಪ್ಪ ಕೈ ಹಿಡಿದ. ‘ಕಾದ ಹಂಚಿಗೆ ನೀರ ಗೊಜ್ಜಿದ್ರ ಏನಾಗ್ತೈತಿ?’ ಅಂದ, ಅಷ್ಟೇ. ಬೈಯಲಿಲ್ಲ. ನಾಲ್ಕು ತಾಸು ಆ ಗಿಡದ ಕೆಳಗೆ ಕೂತಿದ್ವಿ, ಆತ ಒಂದು ಮಾತು ಬೈಯಲಿಲ್ಲ.

ಗಾಡಿಯನ್ನ ಎಳೆಸಿಕೊಂಡು ಗದಗಿಗೆ ತಂದದ್ದು ಮರುದಿನ. ಬೆಟಗೇರಿ ಕಡೆ ಒಂದು ಗ್ಯಾರೇಜು, ತಗಡಿನ ಶೆಡ್ಡು. ಪಕ್ಕದ ಓಣಿಯಿಂದ ಮಗ್ಗದ ಸಪ್ಪಳ ಕೇಳ್ತಿತ್ತು. ಮಿಸ್ತ್ರಿ ಕಾಕಾ ಅರವತ್ತು ದಾಟಿದವರು. ಅವರು ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ. ಕುಂತು ಅಪ್ಪನಿಗೆ ಪ್ರಶ್ನೆ ಕೇಳಿದರು.

‘ನಿಂತಲ್ಲೆ ಚಾಲೂ ಇಟ್ಟಾಗ ಕಾಯ್ತಿತ್ತೋ, ಓಡೂಮುಂದೋ?’

‘ಓಡೂಮುಂದ. ಏರಿನ್ಯಾಗ.’

‘ನಿಂತಾಗ?’

‘ನಿಂತಾಗ ಆರಾಮ.’

‘ನೀರು ದಿನಾ ಇಳೀತಿತ್ತು?’

‘ಎರಡ ಲೀಟರ್.’

‘ಕೆಳಗ ಹನಿ ಬಿದ್ದಿರ್ತಿದ್ವು?’

‘ಇಲ್ಲ.’

ಅಷ್ಟು ಕೇಳಿ ಅವರು ರೇಡಿಯೇಟರ್ ಕಡೆ ನೋಡಿದರು. ನನಗೆ ಆವಾಗ ಅರ್ಥ ಆಗಲಿಲ್ಲ, ಈಗ ಆಗುತ್ತೆ. ನಿಂತಲ್ಲೇ ಕಾಯೋ ಗಾಡಿಯಲ್ಲಿ ಮೊದಲ ಅನುಮಾನ ಗಾಳಿಯ ಮೇಲೆ: ಫ್ಯಾನು, ಫ್ಯಾನ್ ಬೆಲ್ಟು. ಓಡುವಾಗ ಗಾಳಿ ತಾನಾಗಿ ಬರುತ್ತೆ, ನಿಂತಾಗ ಫ್ಯಾನೇ ಎಳೀಬೇಕು. ಏರಿನಲ್ಲಿ, ಲೋಡಿನಲ್ಲಿ ಮಾತ್ರ ಕಾಯೋ ಗಾಡಿಯಲ್ಲಿ ಅನುಮಾನ ರೇಡಿಯೇಟರಿನ ಶಕ್ತಿಯ ಮೇಲೆ. ಡೀಸೆಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಚಕ್ರಕ್ಕೆ, ಹೆಚ್ಚುಕಡಿಮೆ ಅಷ್ಟೇ ಸೈಲೆನ್ಸರಿನಿಂದ ಹೊರಗೆ, ಉಳಿದದ್ದು ನೀರಿಗೆ ಹೋಗುತ್ತೆ. ಖಾಲಿ ಗಾಡಿಗೆ ಅರ್ಧ ಕಟ್ಟಿದ ರೇಡಿಯೇಟರ್ ಸಾಕು. ಬೀಗರನ್ನ ಹೇರಿಕೊಂಡು ಗುಡ್ಡ ಹತ್ತುವಾಗ ಸಾಲದು. ನನ್ನ ‘ರಿಪೇರಿ’ ಎರಡು ದಿನ ಗೆದ್ದದ್ದು ಇದಕ್ಕೇ. ಮತ್ತೆ ಹನಿ ಬೀಳದೇ ನೀರು ಇಳಿಯೋದು ಅಂದ್ರೆ ಅದು ಕುದ್ದು ಹೋಗ್ತಿದೆ, ಇಲ್ಲಾ ಸಿಲಿಂಡರಿಗೆ ಸೇರ್ತಿದೆ.

ನಾನು ಥರ್ಮೋಸ್ಟಾಟ್ ತೆಗೆದದ್ದನ್ನ ಹೇಳಿದೆ. ಹೇಳದೇ ಇರಬಹುದಿತ್ತು, ಆದ್ರೆ ಅವರು ಹೆಡ್ ಹತ್ತಿರದ ಹೊಸ ಗ್ಯಾಸ್ಕೆಟ್ ಪೇಸ್ಟನ್ನ ಆಗಲೇ ನೋಡಿದ್ದರು.

‘ತಮ್ಮಾ, ಈ ಇಂಜಿನ್ನಿನ ವಾಲ್ ಎರಡ ಬಾಗಲಾ ಕಾಯ್ತೈತಿ. ಒಂದ ತೆಗದಾಗ ಇನ್ನೊಂದ ಮುಚ್ಚತೈತಿ. ನೀ ಬಾಗಲಾನ ಕಿತ್ತಿ.’

ಟ್ರ್ಯಾಕ್ಸಿನ ಹಳೇ 2.4 ಲೀಟರ್ ಇಂಜಿನ್ ಮೂಲದಲ್ಲಿ ಮರ್ಸಿಡಿಸ್ ಬೆಂಜ್‌ನದು. ಓಎಂ616 ಅಂತ ಅದರ ಹೆಸರು. ಬಜಾಜ್ ಟೆಂಪೋ (2005ರಿಂದ ಫೋರ್ಸ್ ಮೋಟಾರ್ಸ್) ಲೈಸೆನ್ಸ್ ತಗೊಂಡು ಇಲ್ಲೇ ಮಾಡ್ತಿತ್ತು. ಒಂದು ಕಾಲದಲ್ಲಿ ಜರ್ಮನಿಯ ಟ್ಯಾಕ್ಸಿಗಳಲ್ಲಿ ಓಡಿದ ಇಂಜಿನ್ ನಮ್ಮ ಉಳ್ಳಾಗಡ್ಡಿ ಹೊತ್ತಿದೆ ಅಂತ ನನಗೆ ಗೊತ್ತಾದದ್ದು ಆ ಶೆಡ್ಡಿನಲ್ಲಿ. ಅದರ ಥರ್ಮೋಸ್ಟಾಟಿಗೆ ಎರಡು ತಟ್ಟೆ. ತಣ್ಣಗಿದ್ದಾಗ ನೀರು ರೇಡಿಯೇಟರ್ ತಪ್ಪಿಸಿ ಬೈಪಾಸ್ ದಾರಿಯಲ್ಲಿ ಇಂಜಿನ್ನೊಳಗೇ ಸುತ್ತುತ್ತೆ. ಬಿಸಿಯಾದಾಗ ಮೇಲಿನ ತಟ್ಟೆ ರೇಡಿಯೇಟರಿನ ದಾರಿ ತೆರೆಯುತ್ತೆ, ಕೆಳಗಿನ ತಟ್ಟೆ ಬೈಪಾಸ್ ಮುಚ್ಚುತ್ತೆ. ಥರ್ಮೋಸ್ಟಾಟ್ ಪೂರ್ತಿ ಕಿತ್ತುಹಾಕಿದ್ರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತೆ. ನೀರು ಯಾವಾಗಲೂ ಸಲೀಸು ದಾರಿ ಹುಡುಕೋದು. ಕಟ್ಟಿಕೊಂಡ ರೇಡಿಯೇಟರ್ ಬಿಟ್ಟು ಬೈಪಾಸಿನಲ್ಲೇ ಸುತ್ತಿ ಬಿಸಿ ಬಿಸಿಯಾಗಿಯೇ ವಾಪಸ್ ಬರ್ತಿತ್ತು. ಅಂದ್ರೆ ನಾನು ಮೊದಲಿದ್ದ ರೋಗವನ್ನ ಗುಣ ಮಾಡಲಿಲ್ಲ, ಅದಕ್ಕೆ ಇನ್ನೊಂದು ಸೇರಿಸಿದೆ. ಅವರು ನಾನು ಕಿತ್ತ ಥರ್ಮೋಸ್ಟಾಟನ್ನ ದಾರ ಕಟ್ಟಿ ಕುದಿಯೋ ನೀರಿಗೆ ಇಳಿಬಿಟ್ಟರು. ಅದು ನಿಧಾನಕ್ಕೆ, ಯಾವ ತಕರಾರೂ ಇಲ್ಲದೇ, ತೆರೆದುಕೊಂಡಿತು.

ನಿಜವಾದ ರೋಗ ಮೂರು ಕಡೆ ಇತ್ತು.

ಒಂದು, ಹೊರಗೆ. ರೇಡಿಯೇಟರಿನ ಜಾಲಿ ತುಂಬ ಹೊಟ್ಟು. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆಯೇ ಕಣ. ಹುರುಳಿ, ಜೋಳ, ಸೂರ್ಯಕಾಂತಿ ಎಲ್ಲಾ ಡಾಂಬರಿನ ಮೇಲೆ ಹರವಿರ್ತಾರೆ, ಗಾಡಿಗಳು ಹಾದು ತುಳಿದು ಕಾಳು ಬಿಡಿಸಿ ಕೊಡಬೇಕು. ಹಾಗೆ ತುಳಿಯುವಾಗ ಎದ್ದ ಹೊಟ್ಟು, ಎರೆಮಣ್ಣಿನ ಧೂಳು, ಒಂದಿಷ್ಟು ಸತ್ತ ಚಿಟ್ಟೆ, ಎಲ್ಲಾ ಕೂಡಿ ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಒಳಗಡೆಯಿಂದ ಹೊರಕ್ಕೆ ನೀರು ಹೊಡೆದಾಗ ಒಂದು ಬುಟ್ಟಿ ಬಿತ್ತು. ಎಷ್ಟು ರೈತರ ಕಣ ತುಳಿದಿದ್ದೀವೋ.

ಎರಡು, ಮುಚ್ಚಳ. ರೇಡಿಯೇಟರ್ ಮುಚ್ಚಳ ಅಂದ್ರೆ ಬರೀ ಮುಚ್ಚಳ ಅಂತ ನಾನು ತಿಳಿದಿದ್ದೆ. ಅದರಲ್ಲಿ ಸ್ಪ್ರಿಂಗ್, ರಬ್ಬರ್ ಇರುತ್ತೆ. ಒಳಗೆ ಒತ್ತಡ ಹಿಡಿದಿಡುತ್ತೆ. ಕುಕ್ಕರಿನ ಲೆಕ್ಕ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು ನೂರಕ್ಕಲ್ಲ, 98 ಡಿಗ್ರಿಗೇ ಕುದಿಯುತ್ತೆ. ಮುಚ್ಚಳ 0.9 ಬಾರ್ ಒತ್ತಡ ಹಿಡಿದ್ರೆ ಕುದಿಯೋದು ಸುಮಾರು 118ಕ್ಕೆ. ನಮ್ಮ ಮುಚ್ಚಳದ ರಬ್ಬರ್ ಒಣಗಿ ಸೀಳಿತ್ತು. ಇಪ್ಪತ್ತು ಡಿಗ್ರಿಯ ಜಾಗ ಒಂದು ರಬ್ಬರಿನ ಬಳೆಗೋಸ್ಕರ ಹೋಗಿತ್ತು. ದಿನಾ ಎರಡು ಲೀಟರ್ ಎಲ್ಲಿ ಹೋಗ್ತಿತ್ತು ಅನ್ನೋದಕ್ಕೂ ಉತ್ತರ ಅದೇ.

ಮೂರು, ನೀರು.

ಕಾಕಾ ರೇಡಿಯೇಟರ್ ಬಿಚ್ಚಿ, ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ ನನ್ನನ್ನ ಕರೆದರು. ‘ನೋಡ ಬಾ ಇಲ್ಲೆ.’ ತಾಮ್ರದ ಸಣ್ಣ ಸಣ್ಣ ಕೊಳವೆಗಳ ಬಾಯಿ ಸಾಲಾಗಿ ಕಾಣಬೇಕಿತ್ತು. ಅರ್ಧಕ್ಕರ್ಧ ಬಿಳಿ. ಅವ್ವ ನೀರು ಕಾಸೋ ಹಂಡೆಯೊಳಗೆ ಕೂತಿರುತ್ತಲ್ಲ, ಅದೇ ಸುಣ್ಣದ ಹಕ್ಕಳೆ. ಅವರು ಸಣ್ಣ ಸರಳು ತೂರಿಸಿ ಕೆರೆದ ಹಾಗೆಲ್ಲ ತುಣುಕು ತುಣುಕಾಗಿ ಬಿತ್ತು. ಮುಂಡರಗಿ ಸೀಮೆಯ ಬೋರಿನ ನೀರು ಯಾರಿಗೆ ಗೊತ್ತಿಲ್ಲ. ನಮ್ಮ ಆಯಿಯ ಹಲ್ಲು ಹಳದಿ ಆದದ್ದು, ಮೊಣಕಾಲು ಮಡಚಲು ಬಾರದೇ ಆದದ್ದು ಅದೇ ನೀರಿನಿಂದ. ಅದು ಫ್ಲೋರೈಡ್, ಇದು ಗಡಸುತನ. ಎರಡೂ ಬೇರೆ ಬೇರೆ. ಅಪ್ಪ ‘ಫ್ಲೋರೈಡ್ ಗಾಡಿಗೂ ಹತ್ತೇತಿ’ ಅಂದಾಗ ನಾನು ತಿದ್ದೋಕೆ ಬಾಯಿ ತೆರೆದು, ಅವತ್ತಿನ ಮಟ್ಟಿಗೆ ಸುಮ್ಮನಾದೆ.

ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವೆ ಸುಟ್ಟಿತ್ತು. ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣ. ಹೆಡ್ ಮೇಲೆ ಉಕ್ಕಿನ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿದ್ರೆ ತೂರ್ತು; ಬಾಗಿತ್ತು. ಸೀಳಿರಲಿಲ್ಲ, ಅದೊಂದು ಪುಣ್ಯ, ಅಪ್ಪ ನನ್ನ ಕೈ ಹಿಡಿದದ್ದರ ಪುಣ್ಯ. ಲೇಥಿಗೆ ಕೊಟ್ಟು ಫೇಸಿಂಗ್, ಗ್ಯಾಸ್ಕೆಟ್ ಸೆಟ್, ರೇಡಿಯೇಟರ್ ಕೆಲಸ, ಮುಚ್ಚಳ, ಹೋಸ್ ಪೈಪು, ಆಯಿಲ್, ಮಜೂರಿ: 18,400 ರೂಪಾಯಿ. ಮೇಲೆ ಮದುವೆ ದಿನಗಳಲ್ಲಿ ಒಂಬತ್ತು ದಿನ ಗಾಡಿ ನಿಂತಿತ್ತು. ಆ ವರ್ಷದ ಹಾಸ್ಟೆಲ್ ಫೀಗೆ ಅಂತ ಅವ್ವ ಇಟ್ಟಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯ್ತು. ಹಾಸ್ಟೆಲ್ ಫೀ ನಾನು ಎರಡು ಕಂತಿನಲ್ಲಿ ಕಟ್ಟಿದೆ, ಎರಡನೆಯದು ದಂಡ ಸಮೇತ.

ಆ ಒಂಬತ್ತು ದಿನ ನಾನು ಶೆಡ್ಡಿಗೆ ಹೋದೆ. ಬೆಳಗ್ಗೆ ಬಸ್ಸು, ಸಂಜೆ ಬಸ್ಸು. ಮೊದಲೆರಡು ದಿನ ಕಾಕಾ ಬರೀ ಬೋಲ್ಟ್ ತೊಳೆಸಿದರು. ಆಮೇಲೆ ಬೇರೆ ಗಾಡಿ ಬಂದಾಗ ‘ಇಂಜಿನಿಯರ್ ಸಾಹೇಬ್ರ, ಬರ್ರಿ, ನೋಡ್ರಿ’ ಅಂತ ಕರೀತಿದ್ದರು. ವ್ಯಂಗ್ಯವೇ, ಆದ್ರೆ ಕರೀತಿದ್ದರು. ಕಾದ ಇಂಜಿನ್ ಆರಿಸಿದ ಮೇಲೆ ರೇಡಿಯೇಟರಿನ ಮೇಲೆ ಅಂಗೈ ಆಡಿಸಿ, ನಡುವೆ ತಣ್ಣಗಿರೋ ಜಾಗ ಹುಡುಕೋದು: ಅಲ್ಲಿ ಕೊಳವೆ ಕಟ್ಟಿದೆ. ತಣ್ಣಗಿದ್ದಾಗಲೇ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿ, ನೀರಿನಲ್ಲಿ ಬಿಡದೇ ಗುಳ್ಳೆ ಏಳ್ತಾ ಇದ್ರೆ ಹೆಡ್ ಗ್ಯಾಸ್ಕೆಟ್. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತೆ, ಅಲ್ಲಿ ನೀರಿನ ಕಲೆ ಕಂಡ್ರೆ ಪಂಪಿನ ಸೀಲು ಮುಗೀತು. ಕೆಳಗಿನ ಹೋಸು ರೇಸ್ ಕೊಟ್ಟಾಗ ಒಳಕ್ಕೆ ಹೀರಿಕೊಂಡು ಚಪ್ಪಟೆ ಆಗಬಾರದು. ಈ ಪರೀಕ್ಷೆ ಒಂದಕ್ಕೂ ದುಡ್ಡು ಬೇಕಾಗಿರಲಿಲ್ಲ. ಹದಿನೈದು ನಿಮಿಷ ಬೇಕಿತ್ತು. ಅದನ್ನ ನಾನು ನಮ್ಮ ಗಾಡಿಗೆ ಕೊಟ್ಟಿರಲಿಲ್ಲ.

ಕಾಲೇಜಿಗೆ ವಾಪಸ್ ಬರುವಾಗ ಎರಡು ಬಾಟಲಿ ನೀರು ತಂದೆ. ಒಂದು ನಮ್ಮ ಬೋರಿನದು, ಒಂದು ಊರಿನ ಶುದ್ಧ ನೀರಿನ ಘಟಕದ್ದು. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಡಿಟಿಎ ಟೈಟ್ರೇಷನ್ ಮಾಡಿರ್ತೀವಲ್ಲ, ಕೆಂಪು ಹೋಗಿ ನೀಲಿ ಆಗೋದು. ನಾನು ಅವತ್ತು ಪಕ್ಕದವನ ರೀಡಿಂಗ್ ನೋಡಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಲ್ಯಾಬಿನ ಸರ್ ಹತ್ತಿರ ಕೇಳಿಕೊಂಡು ಒಂದು ಸಂಜೆ ಮತ್ತೆ ಮಾಡಿದೆ. ಬೋರಿನ ನೀರು ಲೀಟರಿಗೆ 700 ಮಿಲಿಗ್ರಾಂ ಮೇಲೆ ಬಂತು. ಕುಡಿಯೋ ನೀರಿಗೆ ನಮ್ಮ ದೇಶದ ಮಾನದಂಡ 200, ಬೇರೆ ಗತಿ ಇಲ್ಲದಿದ್ರೆ 600. ಘಟಕದ ನೀರು 60ರ ಹತ್ತಿರ. ನೋಟ್‌ಬುಕ್ಕಿನ ಹಿಂದೆ ಲೆಕ್ಕ ಹಾಕಿದೆ: ದಿನಕ್ಕೆ ಎರಡು ಲೀಟರ್, ಅಂದ್ರೆ 1.4 ಗ್ರಾಂ, ವರ್ಷಕ್ಕೆ ಮುನ್ನೂರು ದಿನ, 420 ಗ್ರಾಂ. ಪೂರ್ತಿ ಕೂರಲ್ಲ, ಸರಿ, ಅರ್ಧ ಕೂತ್ರೂ ಕಾಲು ಕಿಲೋಗೆ ಹತ್ತಿರ ಸುಣ್ಣವನ್ನ ಅಪ್ಪ ವರ್ಷಕ್ಕೆ ತನ್ನ ಕೈಯಾರೆ ರೇಡಿಯೇಟರಿಗೆ ಸುರಿದಿದ್ದಾನೆ. ತಾಮ್ರದ ಶಾಖವಾಹಕತೆ 400ರ ಹತ್ತಿರ, ಈ ಸುಣ್ಣದ ಪದರದ್ದು ಎರಡೋ ಮೂರೋ. ರೇಡಿಯೇಟರಿನಿಂದ ತಂದಿದ್ದ ಹಕ್ಕಳೆಯ ಮೇಲೆ ಒಂದು ಹನಿ ಆಸಿಡ್ ಬಿಟ್ಟೆ. ಬುಸ್ಸಂತು.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಘಟಕದ ನೀರಿಗೆ ಅಷ್ಟೇ ಕೂಲಂಟ್ ಬೆರೆಸಿ ಹಾಕು, ಬೋರಿನ ನೀರು ಹನಿಯೂ ಬೇಡ. ‘ಕೂಲಂಟ್ ಚಳಿ ದೇಶದಾಗ ನೀರು ಹೆಪ್ಪಗಟ್ಟಬಾರದಂತ ಹಾಕೂದಲ್ಲೇನು, ಗದಗಿನ್ಯಾಗ ಯಾಕ ಬೇಕು?’ ಅಂದ. ತುಕ್ಕು ಹಿಡಿಯೋದನ್ನ ತಡೀತೈತಿ, ಕುದಿಯೋದನ್ನೂ ಇನ್ನಷ್ಟು ಮ್ಯಾಲೆ ಏರಸ್ತೈತಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಇದನ್ನ ನೋಡಿ ಹೇಳಾಕತ್ತಿಯೋ, ಕೇಳಿ ಹೇಳಾಕತ್ತಿಯೋ?’ ಅಂದ. ನೀರಿನದು ನೋಡಿ, ಕೂಲಂಟಿನದು ಓದಿ ಅಂದೆ. ‘ಹಂಗಾರ ಅರ್ಧ ನಂಬತೀನಿ’ ಅಂತ ನಕ್ಕ. ಮರುದಿನ ಹಾಕಿದನಂತೆ.

ದೀಪಾವಳಿಗೆ ಊರಿಗೆ ಹೋದಾಗ ಡಂಬಳದ ಚಹಾದಂಗಡಿಯಲ್ಲಿ ಅಂಗಡಿಯವರು ಕೇಳಿದರು, ಗಾಡಿಗೆ ಏನಾಗಿತ್ತು ಅಂತ. ನಾನು ಬಾಯಿ ತೆರೆಯೋ ಮೊದಲೇ ಅಪ್ಪ, ‘ಹಳೇ ಗಾಡಿ, ಹೆಡ್ ಹೋಗಿತ್ತು’ ಅಂದು ಬಸಿಯಲ್ಲಿ ಚಹಾ ಸುರಕೊಂಡ. ಮೇ ತಿಂಗಳಿಂದ ಅವತ್ತಿನವರೆಗೆ ಯಾರು ಕೇಳಿದ್ರೂ ಇಷ್ಟೇ ಹೇಳಿದ್ದಾನೆ ಅಂತ ಅವ್ವ ಆಮೇಲೆ ಹೇಳಿದಳು.

ಅಲ್ಲಿಂದ ಹೊರಟು ಒಂದು ಮೈಲಿ ಹೋಗಿರಬೇಕು, ಹಿಂದಿನ ಎಡಗಡೆಯಿಂದ ಕಟಕಟ ಸಪ್ಪಳ ಶುರುವಾಯ್ತು. ಅಪ್ಪ ನನ್ನ ಕಡೆ ನೋಡಿದ.

‘ಏನದು?’

‘ಗೊತ್ತಿಲ್ಲಪಾ. ನಿಲ್ಲಸು, ನೋಡೂಣು.’

ಇಳಿದು ನೋಡಿದ್ವಿ. ಕಮಾನ ಪಟ್ಟಿಯ ಒಂದು ಬೋಲ್ಟು ಸಡಲಾಗಿತ್ತು. ಹತ್ತೊಂಬತ್ತರ ಪಾನಾ ತಗೊಂಡು ಬಾ ಅಂದ. ತಂದು ಕೊಟ್ಟೆ.